ಲೇಖನಿಯ ಒಡಲೇ ಮಸಿಕುಡಿಕೆ



ಬರೆವಣಿಗೆಯ ಅಭ್ಯಾಸವುಳ್ಳ ಯಾರ ಮನೆಯಲ್ಲಿಯೇ ಆಗಲಿ, ಮೇಜಿನ ಸೆಳೆಖಾನೆಯನ್ನು ತೆರೆದು ನೋಡಿದರೆ ಬಳಕೆಯಿಲ್ಲದೆ ಬಿದ್ದಿರುವ ಒಂದು ಫೌಂಟನ್ ಪೆನ್ನಾದರೂ ಕಣ್ಣಿಗೆ ಬೀಳುತ್ತದೆ. ಅದರ ನಿಬ್ಬು ಮುರಿದಿರುವುದಿಲ್ಲ, ಒಡಲು ಸೀಳಿರುವುದಿಲ್ಲ, ಮುಚ್ಚಳವೂ ಕಳೆದಿರುವುದಿಲ್ಲ. ಹಾಗಾದರೆ ಅದು ಮೂಲೆಗೆ ಬಿದ್ದುದೇಕೆ? ವಿಚಾರಿಸಿದರೆ ದೊರೆಯುವ ಉತ್ತರ ಹೆಚ್ಚಾಗಿ ಒಂದೇ: ಅದರೊಳಗೆ ಸಿಕ್ಕಿಸುವ ಮಸಿಯ ಕೊಳವೆ ಮುಗಿಯಿತು, ಅಂಗಡಿಯಲ್ಲಿ ಮತ್ತೆ ಸಿಕ್ಕಲಿಲ್ಲ.

ಈ ಸಣ್ಣ ಪ್ಲಾಸ್ಟಿಕ್ಕಿನ ಕೊಳವೆಗೆ ಕಾರ್ಟ್ರಿಜ್ ಎಂದು ಹೆಸರು. ಕಾರ್ಟ್ರಿಜ್ ಇಲ್ಲದೆ ಕೆಲಸಕ್ಕೆ ಬಾರದಂತಾದ ಪೆನ್ನಿನ ಒಡಲಿಗೆ ಫಿಲ್ಲರಿನಿಂದ ನೇರವಾಗಿ ಮಸಿ ತುಂಬುವಂತೆ ಮಾಡಿಕೊಳ್ಳುವುದು ಹೇಗೆ, ಹಾಗೆ ಮಾಡಿಕೊಂಡ ಮೇಲೆ ಅದು ಸೋರದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ದಿನ ನಾವು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ. ವಿಷಯವೇನೋ ಅಲ್ಪವಾದುದು, ಅದರಲ್ಲಿ ಅಡಗಿರುವ ಪ್ರಕೃತಿನಿಯಮ ಅಲ್ಪವಾದುದಲ್ಲ. ಆ ನಿಯಮವನ್ನು ಗಮನಿಸದೆ ಕೈಹಾಕಿ ನಾವೇ ಒಮ್ಮೆ ಪಶ್ಚಾತ್ತಾಪಪಟ್ಟದ್ದುಂಟು.

ಈ ಕೆಲಸವನ್ನು ಕ್ರಮವಾಗಿ ಕಲಿಯುವಂತೆ ಮಾಡಿದವಳು ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿನಿ. ಕಾಲೇಜಿಗೆ ಸೇರಿದಾಗ ಅವಳ ತಾತ ಅವಳಿಗೆ ಜಪಾನಿನ ಪ್ಲಾಟಿನಂ ಕಂಪೆನಿಯ ಪ್ರೆಪ್ಪಿ ಎಂಬ ಪೆನ್ನೊಂದನ್ನು ಕೊಡಿಸಿದ್ದರು. ಅದು ಬೆಲೆಯಲ್ಲಿ ದೊಡ್ಡದಲ್ಲ. ಒಡಲು ಗಾಜಿನಂತೆ ಪಾರದರ್ಶಕ. ಮೊದಲ ಕೆಲವು ತಿಂಗಳು ಅವಳ ಪ್ರಬಂಧಗಳು ದುಂಡಾದ, ಬಿಡಿಬಿಡಿಯಾದ ಅಕ್ಷರಗಳಲ್ಲಿ ಬರುತ್ತಿದ್ದುವು. ಆಮೇಲೆ ಬಾಲ್ ಪೆನ್ನಿನ ಅವಸರದ ಗೀಚು ಕಾಣಿಸಿಕೊಂಡಿತು. ಕಾರಣವೇನೆಂದು ಕೇಳಿದೆವು.

“ಪೆನ್ನು ಚೆನ್ನಾಗಿಯೇ ಇದೆ ಸಾರ್. ಅದಕ್ಕೆ ಹಾಕುವ ಕಾರ್ಟ್ರಿಜ್ ಸಿಕ್ಕುವುದಿಲ್ಲ. ತಾತ ಬೆಂಗಳೂರಿಗೆ ಹೋದಾಗಲೆಲ್ಲ ತಂದುಕೊಡುತ್ತಿದ್ದರು” ಎಂದಳು. ತಾತ ತೀರಿಕೊಂಡು ಎರಡು ತಿಂಗಳಾಗಿತ್ತೆಂಬುದು ಆಮೇಲೆ ತಿಳಿಯಿತು.

“ಒಂದು ವಾರ ನಮ್ಮಲ್ಲಿ ಬಿಟ್ಟುಹೋಗಮ್ಮ, ನೋಡೋಣ” ಎಂದೆವು.

ಫಿಲ್ಲರಿನಿಂದ ಮಸಿ ತುಂಬುವ ಪದ್ಧತಿ ಹೊಸದೇನೂ ಅಲ್ಲ, ಕಾರ್ಟ್ರಿಜ್ಜೇ ಹೊಸದು. ನ್ಯೂಯಾರ್ಕಿನ ಲೂಯಿ ಎಡ್ಸನ್ ವಾಟರ್‌ಮನ್ ಎಂಬಾತನು ೧೮೮೪ರಲ್ಲಿ ಪೇಟೆಂಟ್ ಪಡೆದ ಹೆಸರಾಂತ ಲೇಖನಿಗೂ ಮಸಿಯನ್ನು ತುಂಬುತ್ತಿದ್ದುದು ಹೀಗೆಯೇ: ಕತ್ತನ್ನು ತಿರುಚಿ ಬಿಚ್ಚುವುದು, ಒಡಲಿಗೆ ತೊಟ್ಟುತೊಟ್ಟಾಗಿ ಬಿಡುವುದು, ಮತ್ತೆ ತಿರುಚುವುದು. ತರುವಾಯ ಒಡಲೊಳಗೆ ರಬ್ಬರಿನ ಚೀಲವನ್ನಿಟ್ಟು ಹೊರಗಿನ ಸನ್ನೆಯಿಂದ ಅದನ್ನು ಅದುಮಿ ಮಸಿ ಹೀರಿಸುವ ಉಪಾಯಗಳು ಬಂದುವು. ಅಮೆರಿಕದ ಶೀಫರ್ ಎಂಬಾತನು ಅಂತಹ ಸನ್ನೆಗೆ ೧೯೦೮ರಲ್ಲಿ ಪೇಟೆಂಟ್ ಪಡೆದನು. ಇಂದು ನಾವು ಕಾಣುವ ಪ್ಲಾಸ್ಟಿಕ್ಕಿನ ಕಾರ್ಟ್ರಿಜ್ ಲೋಕದಲ್ಲಿ ಹರಡಿದ್ದು ೧೯೫೦ರ ದಶಕದಿಂದ ಈಚೆಗೆ.

ನಮ್ಮ ದೇಶದಲ್ಲಂತೂ ಹಳೆಯ ಪದ್ಧತಿ ಎಂದೂ ಪೂರ್ತಿಯಾಗಿ ಅಳಿಯಲಿಲ್ಲ. ಸ್ವದೇಶಿಯ ಕಾಲದಲ್ಲಿ ರಾಜಮಹೇಂದ್ರಿಯ ರತ್ನಂ ಅವರು ಎಬೊನೈಟಿನಿಂದ, ಎಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿನಿಂದ, ಲೇಖನಿಗಳನ್ನು ಕಡೆದರು. ಅವರ ಲೇಖನಿಯನ್ನು ಸ್ವೀಕರಿಸಿ ಮಹಾತ್ಮಾ ಗಾಂಧಿಯವರು ೧೯೩೫ರಲ್ಲಿ ಅವರಿಗೆ ಪತ್ರ ಬರೆದರು. ನಾವು ಶಾಲೆಯಲ್ಲಿದ್ದಾಗ ಪಕ್ಕದ ಹುಡುಗನ ಪೆನ್ನಿನಲ್ಲಿ ಮಸಿ ತೀರಿದರೆ ನಮ್ಮ ಪೆನ್ನಿನಿಂದ ನಾಲ್ಕು ತೊಟ್ಟನ್ನು ಬೆಂಚಿನ ಮೇಲೆ ಕೊಡವುತ್ತಿದ್ದೆವು. ಅವನು ಅದನ್ನು ತನ್ನ ನಿಬ್ಬಿಗೆ ಹೀರಿಸಿಕೊಂಡು ಪಾಠ ಮುಗಿಯುವವರೆಗೆ ಹೇಗೋ ಬರೆಯುತ್ತಿದ್ದನು. ಯಾರ ಮಸಿ ಯಾರ ಪೆನ್ನಿಗಾದರೂ ಸಲ್ಲುತ್ತಿತ್ತು.

ಕಾರ್ಟ್ರಿಜ್ಜಿನಲ್ಲಿ ಈ ಸೌಲಭ್ಯವಿಲ್ಲ. ಅಂತರರಾಷ್ಟ್ರೀಯ ಅಳತೆ ಎಂಬುದೊಂದು ಇದೆ. ಅನೇಕರು ಅದನ್ನು ಅನುಸರಿಸುತ್ತಾರೆ. ಆದರೆ ಪಾರ್ಕರ್, ಪೈಲಟ್, ಲ್ಯಾಮಿ, ಪ್ಲಾಟಿನಂ ಮೊದಲಾದವರು ತಮ್ಮ ತಮ್ಮದೇ ಆಕಾರವನ್ನು ಇಟ್ಟುಕೊಂಡಿದ್ದಾರೆ. ಒಬ್ಬರ ಕೊಳವೆ ಇನ್ನೊಬ್ಬರ ಪೆನ್ನಿಗೆ ಹೊಂದದು. ಹೀಗಾಗಿ ಪೆನ್ನು ಕೊಂಡವನು ಆ ಆಕಾರದ ಕೊಳವೆಯನ್ನು ತರಿಸುವ ಅಂಗಡಿಯ ಹಂಗಿನಲ್ಲಿರಬೇಕಾಗುತ್ತದೆ. ಸೀಸೆಯ ಮಸಿಗಾದರೋ ಈ ಭೇದವಿಲ್ಲ. ಸೀಸೆಯಿಂದ ತುಂಬಿಸಿಕೊಳ್ಳಬಲ್ಲ ಪೆನ್ನು ಆ ಹಂಗಿನಿಂದ ಬಿಡುಗಡೆ ಹೊಂದಿತೆಂದೇ ತಿಳಿಯಬಹುದು.

ಇಷ್ಟಾದ ಮೇಲೆ, ನಮ್ಮ ಪಶ್ಚಾತ್ತಾಪದ ಕಥೆಯನ್ನು ಹೇಳಿಬಿಡುವುದು ನ್ಯಾಯ. ಆ ವಿದ್ಯಾರ್ಥಿನಿ ಬರುವುದಕ್ಕೆ ಒಂದು ವರ್ಷ ಮೊದಲು ನಾವು ಇಂತಹುದೇ ಪೆನ್ನೊಂದರ ಕಾರ್ಟ್ರಿಜ್ಜನ್ನು ಕಿತ್ತು, ಒಡಲಿನ ತುಂಬ ಮಸಿ ಹುಯ್ದು, ಕತ್ತನ್ನು ಬಿಗಿಯಾಗಿ ತಿರುಚಿ, ಕೆಲಸ ಮುಗಿಯಿತೆಂದು ಭಾವಿಸಿದೆವು. ಮೂರು ದಿನ ಪೆನ್ನು ಸೊಗಸಾಗಿ ಬರೆಯಿತು. ನಾಲ್ಕನೆಯ ದಿನ ಮಸಿ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಸಂಜೆ ನಾವು ಕಾಲವಾದ ನಮ್ಮ ತಂದೆಯವರ ಕೈಬರೆಹದ ಪುಸ್ತಕವನ್ನು ಮುಂದಿಟ್ಟುಕೊಂಡು ಅದರಲ್ಲಿದ್ದ ಮನೆತನದ ಹೆಸರುಗಳನ್ನು ಪ್ರತಿಮಾಡಿಕೊಳ್ಳುತ್ತಿದ್ದೆವು. ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಹೆಸರನ್ನು ಓದಲು ಬಾಗಿದಾಗ ನಿಬ್ಬಿನ ತುದಿಯಿಂದ ದಪ್ಪನಾದ ತೊಟ್ಟೊಂದು ಆ ಸಾಲಿನ ಮೇಲೆಯೇ ಬಿದ್ದಿತು. ಅದನ್ನು ಒರೆಸಲು ಹೋದುದು ಇನ್ನೂ ತಪ್ಪಾಯಿತು. ನಮ್ಮ ತಂದೆಯವರು ತಮ್ಮ ಅಜ್ಜಿಯ ಹೆಸರನ್ನೂ ತವರೂರನ್ನೂ ಬರೆದಿದ್ದ ಆ ಸಾಲು ಈಗ ಓದಲು ಬಾರದು. ಹೇಳಬಲ್ಲ ಹಿರಿಯರೂ ಉಳಿದಿಲ್ಲ. ತಾತನ ಪೆನ್ನನ್ನು ಆ ಹುಡುಗಿ ನಮ್ಮ ಮೇಜಿನ ಮೇಲೆ ಇಟ್ಟುಹೋದಾಗ ಮೊದಲು ನೆನಪಿಗೆ ಬಂದುದು ಆ ಸಾಲೇ.

ತಪ್ಪು ಎಲ್ಲಿತ್ತು? ಇದನ್ನು ತಿಳಿಯಬೇಕಾದರೆ ಲೇಖನಿ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಪೆನ್ನನ್ನು ನಿಬ್ಬು ಕೆಳಗಾಗಿ ಹಿಡಿದರೂ ಮಸಿ ಸುರಿದುಹೋಗುವುದಿಲ್ಲ. ಲೋಟದ ತುಂಬ ನೀರು ತುಂಬಿ, ಮೇಲೆ ಕಾಗದ ಮುಚ್ಚಿ ಬೋರಲು ಹಿಡಿದರೂ ನೀರು ಬೀಳದಿರುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುತ್ತೀರಿ. ಹೊರಗಿನ ವಾಯುವಿನ ಒತ್ತಡ ಅದನ್ನು ಎತ್ತಿಹಿಡಿದಿರುತ್ತದೆ. ಪೆನ್ನಿನಲ್ಲಿಯೂ ಹಾಗೆಯೇ. ನಿಬ್ಬಿನ ಕೆಳಗಿರುವ ನಾಲಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿವೆ. ಕಾಗದ ನಿಬ್ಬಿನ ತುದಿಯಿಂದ ಮಸಿಯನ್ನು ಹೀರಿದಷ್ಟೂ ಕಾಲುವೆಯಲ್ಲಿ ಮಸಿ ಮುಂದೆ ಸರಿಯುತ್ತದೆ. ಒಡಲಿನಲ್ಲಿ ಉಳಿದ ಗಾಳಿ ತೆಳುವಾಗುತ್ತದೆ. ಆಗ ಹೊರಗಿನಿಂದ ಸಣ್ಣ ಗುಳ್ಳೆಯೊಂದು ಒಳಹೊಕ್ಕು ಆ ಕೊರತೆಯನ್ನು ತುಂಬುತ್ತದೆ. ಮಸಿ ಹೊರಗೆ, ಗಾಳಿ ಒಳಗೆ: ಈ ವಿನಿಮಯ ಸಮವಾಗಿ ನಡೆಯುವವರೆಗೆ ಪೆನ್ನು ಸಭ್ಯವಾಗಿರುತ್ತದೆ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಮೊದಲನೆಯದು, ಗಾಳಿ ನಾಲಗೆಯ ದಾರಿಯಿಂದಲ್ಲದೆ ಬೇರೆಲ್ಲಿಂದಲೂ ಒಳಗೆ ಬರಕೂಡದು. ಕತ್ತು ಒಡಲಿಗೆ ಸೇರುವ ತಿರುಪಿನಲ್ಲಿ ಸಂದಿಯಿದ್ದರೆ ಅಲ್ಲಿಂದ ಮಸಿ ಜಿನುಗುವುದಲ್ಲದೆ ಗಾಳಿಯೂ ನುಗ್ಗುತ್ತದೆ. ಬೋರಲು ಹಿಡಿದ ಲೋಟದ ತಳಕ್ಕೆ ತೂತು ಕೊರೆದಂತೆ ಆಗುತ್ತದೆ. ಕಾರ್ಟ್ರಿಜ್ ಪೆನ್ನಿನ ತಿರುಪನ್ನು ಮಸಿ ತಡೆಯುವುದಕ್ಕೆಂದು ಮಾಡಿರುವುದಿಲ್ಲ. ಒಡಲನ್ನು ಹಿಡಿದಿಡುವುದಷ್ಟೇ ಅದರ ಕೆಲಸ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಕಾಯಿಸಿದ ಗಾಳಿ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದನ್ನು ಲೆಕ್ಕಹಾಕಿಯೇ ನೋಡೋಣ. ಪ್ರೆಪ್ಪಿಯಂತಹ ಪೆನ್ನಿನ ಒಡಲು ೩ ಮಿಲಿಲೀಟರು ಮಸಿಯನ್ನು ಸುಲಭವಾಗಿ ಹಿಡಿಯುತ್ತದೆ. ಅದರಲ್ಲಿ ೨ ಮಿಲಿಲೀಟರು ಖರ್ಚಾಗಿದೆ ಎಂದುಕೊಳ್ಳಿ; ಆ ಜಾಗದಲ್ಲಿ ೨ ಮಿಲಿಲೀಟರು ಗಾಳಿ ಇದೆ. ಕೊಠಡಿಯ ಉಷ್ಣತೆ ೨೪ ಡಿಗ್ರಿ ಸೆಂಟಿಗ್ರೇಡ್ ಇದ್ದು, ಕೈಯ ಬಿಸಿಯಿಂದ ಆ ಗಾಳಿ ೩೩ ಡಿಗ್ರಿಗೆ ಏರಿತೆನ್ನಿ. ಗಾಳಿಯ ಗಾತ್ರ ನೂರಕ್ಕೆ ೩ರಷ್ಟು ಹೆಚ್ಚುತ್ತದೆ, ಎಂದರೆ ೦.೦೬ ಮಿಲಿಲೀಟರು. ಸಾಮಾನ್ಯ ಫಿಲ್ಲರಿನ ಒಂದು ತೊಟ್ಟು ಸುಮಾರು ೦.೦೫ ಮಿಲಿಲೀಟರು. ಆದುದರಿಂದ ಹಿಗ್ಗಿದ ಗಾಳಿ ಒಂದು ತೊಟ್ಟಿಗೂ ಮಿಕ್ಕ ಮಸಿಯನ್ನು ಹೊರಕ್ಕೆ ನೂಕುತ್ತದೆ. ನಮ್ಮ ತಂದೆಯವರ ಪುಸ್ತಕದ ಮೇಲೆ ಬಿದ್ದುದು ಈ ತೊಟ್ಟೇ.

ಕಾರ್ಟ್ರಿಜ್ಜಿನಲ್ಲಿ ಹೀಗೇಕೆ ಆಗುವುದಿಲ್ಲ? ಅದರಲ್ಲಿರುವ ಗಾಳಿ ಮುಕ್ಕಾಲು ಮಿಲಿಲೀಟರಿನ ಆಸುಪಾಸು. ಅಷ್ಟೇ ಬಿಸಿಗೆ ಅದು ನೂಕುವುದು ಅರ್ಧ ತೊಟ್ಟನ್ನೂ ಮುಟ್ಟದು. ನಾಲಗೆಯ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಕೊರೆದಿರುವ ಸಂದುಗಳು ಅಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದೂ ಅಲ್ಲದೆ ಕಾರ್ಟ್ರಿಜ್ಜಿಗೂ ಒಡಲಿಗೂ ನಡುವೆ ಗಾಳಿಯ ಹೊದಿಕೆಯಿರುವುದರಿಂದ ಕೈಯ ಬಿಸಿ ಬೇಗನೆ ಒಳಗೆ ತಲಪುವುದಿಲ್ಲ. ಎಬೊನೈಟಿನ ಹಳೆಯ ಲೇಖನಿಗಳ ಗೋಡೆಯನ್ನು ದಪ್ಪವಾಗಿ ಇಡುತ್ತಿದ್ದುದರಲ್ಲಿಯೂ ಈ ಪ್ರಯೋಜನವಿತ್ತು.

ಇನ್ನು ಮಾಡುವ ಕ್ರಮಕ್ಕೆ ಬರೋಣ. ಎಲ್ಲಕ್ಕೂ ಮೊದಲು ಪೆನ್ನು ಈ ಕೆಲಸಕ್ಕೆ ತಕ್ಕುದೇ ಎಂದು ಪರೀಕ್ಷಿಸಬೇಕು. ಒಡಲು ಪ್ಲಾಸ್ಟಿಕ್ಕಿನದೋ ಎಬೊನೈಟಿನದೋ ಆಗಿರಬೇಕು. ಒಳಗಡೆ ಲೋಹವಿದ್ದರೆ ಮಸಿ ಅದನ್ನು ಕ್ರಮೇಣ ತಿನ್ನುತ್ತದೆ. ಕೆಲವು ಪೆನ್ನುಗಳ ಒಡಲಿನ ತುದಿಯಲ್ಲಿ ಸೂಜಿಯಷ್ಟು ತೂತಿರುತ್ತದೆ. ಲ್ಯಾಮಿಯ ಸಫಾರಿಯಂತಹ ಪೆನ್ನಿನಲ್ಲಿ ಮಸಿ ಎಷ್ಟಿದೆಯೆಂದು ನೋಡಲು ಒಡಲಿನ ಪಕ್ಕದಲ್ಲಿಯೇ ಕಿಂಡಿಗಳಿವೆ. ಇಂತಹವು ಈ ಕೆಲಸಕ್ಕೆ ಒದಗವು. ಸಂಶಯವಿದ್ದರೆ ಒಡಲಿಗೆ ಬರಿಯ ನೀರನ್ನು ತುಂಬಿ, ಒಣಗಿದ ಬ್ಲಾಟಿಂಗ್ ಕಾಗದದ ಮೇಲೆ ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿರಿ. ಬೆಳಗ್ಗೆ ಕಾಗದ ಒಣಗಿಯೇ ಇದ್ದರೆ ಮುಂದುವರಿಯಬಹುದು.

ತರುವಾಯ ಕತ್ತಿನ ಭಾಗವನ್ನು ತಣ್ಣೀರಿನಿಂದ ತೊಳೆಯಬೇಕು. ಬಿಸಿನೀರು ಕೂಡದು, ಅದರಿಂದ ಪ್ಲಾಸ್ಟಿಕ್ಕು ಸೊಟ್ಟಗಾದೀತು. ಬಣ್ಣವಿಲ್ಲದ ನೀರು ಹೊರಬರುವವರೆಗೆ ತೊಳೆದು, ಬಟ್ಟೆಯ ಮೇಲೆ ಒಂದು ರಾತ್ರಿ ಆರಲು ಬಿಡಬೇಕು. ತಿರುಪಿನ ಮೇಲೆ ತೇವವಿದ್ದರೆ ಮುಂದಿನ ಕೆಲಸ ಕೆಡುತ್ತದೆ.

ಮೂರನೆಯದು ರಬ್ಬರಿನ ಬಳೆ. ಇದನ್ನು ಅಂಗಡಿಯವರು ಓ-ರಿಂಗ್ ಎನ್ನುತ್ತಾರೆ. ನಲ್ಲಿಯ ಸಾಮಾನುಗಳನ್ನೂ ಯಂತ್ರದ ಬಿಡಿಭಾಗಗಳನ್ನೂ ಮಾರುವಲ್ಲಿ, ಬೆಂಗಳೂರಿನವರಿಗಾದರೆ ಸಾದರಪತ್ರಪ್ಪ ರಸ್ತೆಯ ಸುತ್ತಮುತ್ತ, ವಿಚಾರಿಸಬಹುದು. ಅಳತೆಯನ್ನು ಬಾಯಲ್ಲಿ ಹೇಳುವುದಕ್ಕಿಂತ ಕತ್ತಿನ ಭಾಗವನ್ನೇ ಒಯ್ದು ತೊಡಿಸಿ ನೋಡುವುದು ಮೇಲು. ಬಳೆ ತಿರುಪಿನ ಬುಡದಲ್ಲಿ, ಕತ್ತಿನ ಅಂಚಿಗೆ ತಗಲಿಕೊಂಡು ಬಿಗಿಯಾಗಿ ಕುಳಿತಿರಬೇಕು. ಒಡಲನ್ನು ತಿರುಚಿದಾಗ ಎರಡರ ನಡುವೆ ಸ್ವಲ್ಪವೇ ಅದುಮಿಕೊಳ್ಳಬೇಕು. ಬಳೆ ದಪ್ಪವಾದರೆ ತಿರುಪು ಹಿಡಿಯದು, ತೆಳುವಾದರೆ ಪ್ರಯೋಜನವಿಲ್ಲ.

ನಾಲ್ಕನೆಯದು ಸಿಲಿಕೋನ್ ಗ್ರೀಸು. ಬೆಂಕಿಕಡ್ಡಿಯ ತುದಿಯಿಂದ ಸಾಸಿವೆಕಾಳಿನಷ್ಟು ತೆಗೆದುಕೊಂಡು ತಿರುಪಿನ ಸುತ್ತುಗಳಿಗೆ ತೆಳುವಾಗಿ ಸವರಬೇಕು. ಮಸಿ ಒಳಹೋಗುವ ರಂಧ್ರಕ್ಕೆ ಅದು ತಗಲಕೂಡದು. ತಗಲಿದರೆ ಮಸಿಯ ಹರಿವು ನಿಂತುಹೋಗುತ್ತದೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಬೇಡಿ. ಎಣ್ಣೆ ನಿಲ್ಲುವುದಿಲ್ಲ, ವ್ಯಾಸಲೀನು ಖನಿಜತೈಲದಿಂದಾದುದು, ರಬ್ಬರನ್ನು ಮೆತ್ತಗೆಮಾಡಿ ಕೆಡಿಸುತ್ತದೆ.

ಕಡೆಯದಾಗಿ ಮಸಿ. ಫೌಂಟನ್ ಪೆನ್ನಿಗೆಂದೇ ಮಾಡಿದ, ನೀರಿನಲ್ಲಿ ಕರಗುವ ಬಣ್ಣದ ಮಸಿಯಾಗಿರಬೇಕು. ಚಿತ್ರ ಬರೆಯುವವರ ಕಪ್ಪು ಇಂಡಿಯನ್ ಇಂಕನ್ನು ಎಂದಿಗೂ ಹಾಕಬಾರದು. ಅದರಲ್ಲಿ ಅರಗಿನಂತಹ ಅಂಟು ಬೆರೆತಿದ್ದು, ಒಣಗಿದರೆ ನಾಲಗೆಯ ಕಾಲುವೆಗಳು ಮುಚ್ಚಿಹೋಗುತ್ತವೆ. ಫಿಲ್ಲರಿನಿಂದ ತಿರುಪು ಆರಂಭವಾಗುವ ಮಟ್ಟಕ್ಕೆ ಸ್ವಲ್ಪ ಕೆಳಗಿನವರೆಗೆ ತುಂಬಿ, ಒಡಲನ್ನು ನೆಟ್ಟಗೆ ಹಿಡಿದು ಕತ್ತನ್ನು ತಿರುಚಿರಿ. ಬೆರಳಿನ ಬಿಗಿ ಸಾಕು. ಇಕ್ಕಳ ಹಾಕಿದರೆ ಪ್ಲಾಸ್ಟಿಕ್ಕು ಸೀಳುತ್ತದೆ. ಮುಚ್ಚಳ ಹಾಕಿ, ನಿಬ್ಬು ಕೆಳಗಾಗಿ ಕೆಲವು ನಿಮಿಷ ಇಟ್ಟರೆ ಮಸಿ ತುದಿಗೆ ಇಳಿಯುತ್ತದೆ. ಒಂದು ದಿನ ಅದನ್ನು ತಟ್ಟೆಯ ಮೇಲೆ ಮಲಗಿಸಿಟ್ಟು ನೋಡಿ, ಆಮೇಲೆ ಜೇಬಿಗೆ ಇಡಬಹುದು.

ಸಂದಿಯನ್ನು ಬಳೆ ಮುಚ್ಚುತ್ತದೆ. ಬಿಸಿಯನ್ನು ಅದು ತಡೆಯಲಾರದು. ಅದಕ್ಕೆ ಬರೆಯುವವನ ಎಚ್ಚರವೇ ಬೇಕು. ಮಸಿ ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ತುಂಬಿಕೊಳ್ಳುವುದು ಉತ್ತಮ. ಗಾಳಿ ಕಡಮೆಯಿದ್ದಷ್ಟೂ ತೊಟ್ಟು ಬೀಳುವ ಭಯ ಕಡಮೆ. ಜೇಬಿನಲ್ಲಿ ನಿಬ್ಬು ಯಾವಾಗಲೂ ಮೇಲಾಗಿರಲಿ. ಬರೆಯಲು ಕುಳಿತಾಗ ನಿಬ್ಬನ್ನು ಮೇಲುಮಾಡಿ ಒಡಲನ್ನು ಅಂಗೈಯಲ್ಲಿ ಒಂದೆರಡು ನಿಮಿಷ ಹಿಡಿದಿದ್ದರೆ ಹಿಗ್ಗಿದ ಗಾಳಿ ಮಸಿಯನ್ನು ನೂಕದೆ ತಾನೇ ಹೊರಟುಹೋಗುತ್ತದೆ. ವಿಮಾನದಲ್ಲಿ ಪ್ರಯಾಣ ಮಾಡುವವರು ಪೆನ್ನನ್ನು ಪೂರ್ತಿ ತುಂಬಿಯಾದರೂ ಒಯ್ಯಬೇಕು, ಪೂರ್ತಿ ಬರಿದುಮಾಡಿಯಾದರೂ ಒಯ್ಯಬೇಕು. ಮೇಲೇರಿದಂತೆ ವಿಮಾನದೊಳಗಿನ ವಾಯುವಿನ ಒತ್ತಡ ಇಳಿಯುವುದರಿಂದ ಅರ್ಧ ತುಂಬಿದ ಪೆನ್ನು ಉಪದ್ರವ ಕೊಡಬಹುದು. ಬೆಲೆಬಾಳುವ ಕಾಗದಪತ್ರಗಳನ್ನು ಮುಂದಿಟ್ಟುಕೊಂಡಾಗ ಇಂತಹ ಪೆನ್ನನ್ನು ಅವುಗಳ ಮೇಲೆ ಚಾಚಲೇಬಾರದು. ಈ ಕಡೆಯ ಮಾತನ್ನು ನಾವು ಬೆಲೆ ತೆತ್ತು ಕಲಿತಿದ್ದೇವೆ.

ಎಲ್ಲ ಪೆನ್ನಿಗೂ ಇದೇ ಚಿಕಿತ್ಸೆಯೆಂದು ನಾವು ಹೇಳುವುದಿಲ್ಲ. ಬೆಲೆಯುಳ್ಳ ಹಳೆಯ ಲೇಖನಿಗಳಿಗೆ ಕೈಹಚ್ಚದಿರುವುದೇ ಲೇಸು. ಕೆಲವಕ್ಕೆ ಕನ್ವರ್ಟರ್ ಎಂಬ ಸಣ್ಣ ಪಂಪು ದೊರೆಯುತ್ತದೆ. ಮಸಿ ಹಿಡಿಯುವುದು ಕಡಮೆಯಾದರೂ ಉಪದ್ರವವಿಲ್ಲ. ಆದರೆ ಅಗ್ಗದ ಪೆನ್ನಿಗಾದರೆ ಕನ್ವರ್ಟರಿನ ಬೆಲೆ ಪೆನ್ನಿನ ಬೆಲೆಯನ್ನೇ ಮೀರುವುದುಂಟು. ತೀರಿಹೋದ ಕಾರ್ಟ್ರಿಜ್ಜಿಗೇ ಸಿರಿಂಜಿನಿಂದ ಮಸಿ ತುಂಬುವುದೂ ಸುಲಭವಾದ ಮಾರ್ಗವೇ. ಬಹಳ ಸಲ ಕಿತ್ತುಹಾಕಿದರೆ ಅದರ ಬಾಯಿ ಸಡಿಲವಾಗುವುದೆಂಬುದನ್ನು ಮಾತ್ರ ಮರೆಯಬಾರದು.

ವಾರ ಕಳೆದ ಮೇಲೆ ಆ ವಿದ್ಯಾರ್ಥಿನಿ ಬಂದಳು. ತಾತನ ಪೆನ್ನನ್ನು ತುಂಬಿದ ಒಡಲಿನೊಡನೆ ಅವಳ ಕೈಗೆ ಕೊಟ್ಟೆವು. ಈಗ ತಮಗೆ ಹೇಳಿದ ಲೆಕ್ಕವನ್ನೇ ಅವಳಿಗೂ ಕಾಗದದ ಮೇಲೆ ಮಾಡಿ ತೋರಿಸಿದೆವು. ತಿಂಗಳ ಕೊನೆಯ ಪ್ರಬಂಧ ಮತ್ತೆ ದುಂಡಾದ ಅಕ್ಷರಗಳಲ್ಲಿ ಬಂದಿತು. ಎರಡನೆಯ ಪುಟದ ಅಂಚಿನಲ್ಲಿ ಒಂದು ಸಣ್ಣ ಮಸಿಬೊಟ್ಟಿತ್ತು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ, “ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಟ್ಟಿದ್ದೆ ಸಾರ್, ಕ್ಷಮಿಸಬೇಕು” ಎಂದು ಬರೆದಿದ್ದಳು. ನಾವು ಅದಕ್ಕೆ ಅಂಕ ಕಳೆಯಲಿಲ್ಲ. ಒಂದು ವರ್ಷ ಕಳೆದ ಮೇಲೆ ಅವಳೇ ಬಳೆಯನ್ನು ಬದಲಾಯಿಸಿಕೊಂಡಳೆಂದು ಕೇಳಿದೆವು.

ತಮ್ಮ ಮೇಜಿನ ಸೆಳೆಖಾನೆಯಲ್ಲಿಯೂ ಅಂತಹದೊಂದು ಪೆನ್ನು ಇದ್ದೀತು. ಅದನ್ನು ಕೊಡಿಸಿದವರು ಯಾರೆಂಬುದು ತಮಗೆ ನೆನಪಿದ್ದೀತು. ಒಂದು ರಬ್ಬರಿನ ಬಳೆ, ಸಾಸಿವೆಕಾಳಿನಷ್ಟು ಗ್ರೀಸು, ಒಂದು ಸೀಸೆ ಮಸಿ, ಸ್ವಲ್ಪ ಎಚ್ಚರ, ಇಷ್ಟಿದ್ದರೆ ಅದು ಮತ್ತೆ ಬರೆಯುತ್ತದೆ.